ಡಿಜಿಟಲ್ ಇನ್‌ಪುಟ್‌ನಲ್ಲಿ ಧ್ವನಿ ಸಣ್ಣದಾಗಿ ದಾಖಲಾದರೆ

ಶ್ರೀಕೃಷ್ಣ ಪಾರಿಜಾತದ ಹಳೆಯ ಡ್ಯಾಟ್ (ಡಿಜಿಟಲ್ ಧ್ವನಿ) ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವ ಬಾಗಲಕೋಟೆಯ ಗೆಳೆಯರು, ಎಸ್‌ಪಿಡಿಐಎಫ್ (ಧ್ವನಿಯನ್ನು ಅಂಕಿಗಳಾಗಿಯೇ ಸಾಗಿಸುವ ಡಿಜಿಟಲ್ ತಂತಿಯ) ಇನ್‌ಪುಟ್‌ನಲ್ಲಿ ಧ್ವನಿ ಸಣ್ಣದಾಗಿ ಬಂದರೆ, ರೆಕಾರ್ಡಿಂಗ್ ಸ್ಲೈಡರನ್ನು 100ರಲ್ಲೇ ಬಿಟ್ಟು, ಬಂದಂತೆಯೇ ದಾಖಲಿಸಿಕೊಂಡು, ಅನಂತರ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ -1 ಡೆಸಿಬೆಲ್‌ಗೆ ನಾರ್ಮಲೈಸ್ ಮಾಡಬೇಕು, ಅಂದರೆ ಅತಿ ಜೋರಾದ ದನಿ ಆ ಮಟ್ಟ ಮುಟ್ಟುವಂತೆ ಇಡೀ ದಾಖಲೆಯನ್ನು ಏರಿಸಬೇಕು. ಈ ತಂತಿಯಲ್ಲಿ ಬರುವುದು ಆಗಲೇ ಅಳೆದಿಟ್ಟ ಅಂಕಿಗಳಾದ್ದರಿಂದ ಮೈಕಿಗಿರುವಂತೆ ಇಲ್ಲಿ ಗೇನ್ (ದಾಖಲಿಸುವ ಮೊದಲೇ ಧ್ವನಿಯನ್ನು ಹಿಗ್ಗಿಸುವುದು) ಎಂಬುದಿಲ್ಲ. ಸ್ಲೈಡರ್ ಕೆಳಗಿದ್ದರೆ ಆ ಅಂಕಿಗಳು ಇನ್ನಷ್ಟು ಕುಗ್ಗುತ್ತವೆ, ಅಷ್ಟೇ. ನೇರ ಪ್ರದರ್ಶನವಾದರೆ ಮಿಕ್ಸರಿನಲ್ಲಿಯೇ ಮಟ್ಟ ಏರಿಸುವುದು ಖಂಡಿತ ಮೇಲು. ಆದರೆ ಟೇಪೇ ಮೂಲದಲ್ಲಿ ತೀರ ಕೆಳಮಟ್ಟದಲ್ಲಿ ದಾಖಲಾಗಿದ್ದರೆ ಈ ಉಪಾಯ ಪೂರ್ತಿ ಫಲಿಸದು: ಪ್ರತಿ 6 ಡೆಸಿಬೆಲ್‌ಗೆ ಸುಮಾರು 1 ಬಿಟ್ (ದಾಖಲಾದ ಅಂಕಿಯ ಒಂದು ಸ್ಥಾನ) ಎಂಬಂತೆ, ಅತಿ ಜೋರಾದ ದನಿಯೂ -30 ಡೆಸಿಬೆಲ್ ದಾಟದ ಟೇಪಿನಲ್ಲಿ 16ರ ಪೈಕಿ 5 ಬಿಟ್ ಬಳಕೆಯಾಗದೇ ಉಳಿದಿರುವುದರಿಂದ, ದೂತಿಯ ಮೆಲುಮಾತಿನೊಂದಿಗೆ ಹಿಂದಿನ ಸುಯ್‌ಗುಡುವ ಸದ್ದೂ ಅಷ್ಟೇ ಮೇಲೇಳುತ್ತದೆ.