ಮುಂಬಯಿಯ ಸೆಕೆಯಲ್ಲಿ ಅತ್ತರು, ಸೆಂಟಿನ ಸೀಸೆಗಳ ಜೋಪಾನ

ಮುಂಬಯಿಯ ಫ್ಲ್ಯಾಟುಗಳಲ್ಲಿ ಸುಗಂಧದ ಸೀಸೆಗಳು ಹೆಚ್ಚಾಗಿ ಕಿಟಕಿಯ ಬಳಿಯ ಕನ್ನಡಿ ಮೇಜಿನ ಮೇಲೋ ಬಚ್ಚಲುಮನೆಯ ಗೂಡಿನಲ್ಲೋ ಇರುತ್ತವೆ. ಅವುಗಳಿಗೆ ಇವೆರಡಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಮತ್ತೊಂದಿರಲಾರದು. ಬೆಳಕು, ಸೆಕೆ, ಗಾಳಿ ಈ ಮೂರೂ ಸುಗಂಧದ್ರವ್ಯವನ್ನು ಕೆಡಿಸುತ್ತವೆ. ಕಿಟಕಿಯಲ್ಲಿ ಮೊದಲೆರಡು ಸೇರಿದರೆ, ಬಚ್ಚಲಿನಲ್ಲಿ ಗೀಸರಿನ ಹಬೆ ದಿನಕ್ಕೆರಡು ಬಾರಿ ಸೀಸೆಯನ್ನು ಬಿಸಿ ಮಾಡಿ ತಣಿಸುತ್ತದೆ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಸ್ವಲ್ಪ ಹೊರಬೀಳುತ್ತದೆ, ತಣಿದಾಗ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಹೀಗೆ ಉಸಿರಾಡುತ್ತಿರುವ ಸೀಸೆಯೊಳಗಿನ ದ್ರವ್ಯ ಬೇಗ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಹೋಗುವುದು ನಿಂಬೆ, ಕಿತ್ತಳೆಗಳ ಪರಿಮಳ. ಅವುಗಳಲ್ಲಿರುವ ಲಿಮೊನೀನ್ ಆಮ್ಲಜನಕದೊಡನೆ ಸೇರಿ ಬದಲಾದಾಗ ತಾಜಾತನ ಹೋಗಿ ವಾರ್ನಿಷ್‌ನಂಥ ಘಾಟು ಬರುತ್ತದೆ. ಹೀಗೆ ಬದಲಾದ ಲಿಮೊನೀನ್, ಹಾಗೆಯೇ ಹೂವಿನ ಪರಿಮಳ ಕೊಡುವ ಲಿನಲೂಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುವುದರಿಂದ, ಘಾಟು ಹುಟ್ಟಿದ ಸೆಂಟನ್ನು ಮೈಗೆ ಹಚ್ಚಿಕೊಳ್ಳಬಾರದು. ಬಣ್ಣ ಕಂದಿದ ಮಾತ್ರಕ್ಕೆ ಕೆಟ್ಟಿದೆ ಎಂದು ತೀರ್ಮಾನಿಸಬೇಕಾಗಿಲ್ಲ. ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಇರುವ ಸೆಂಟು ಚೆನ್ನಾಗಿದ್ದರೂ ಕಂದುಬಣ್ಣಕ್ಕೆ ತಿರುಗುತ್ತದೆ. ಇನ್ನು ಒಳ್ಳೆಯ ಶ್ರೀಗಂಧದ ಎಣ್ಣೆಯನ್ನು ಸರಿಯಾಗಿ ಮುಚ್ಚಿಟ್ಟರೆ ಅದು ವರ್ಷ ಕಳೆದಂತೆ ಮಾಗುತ್ತದೆ ಹೊರತು ಹಾಳಾಗುವುದಿಲ್ಲ.

ಸೀಸೆಗೆ ಒಳಗೋಡೆಗೆ ಹೊಂದಿಕೊಂಡ ಮರದ ಕಪಾಟಿನ ಕೆಳಗಿನ ಅರೆ ಸರಿಯಾದ ಜಾಗ. ಪಡುವಣ ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಕಪಾಟು ಮೇ ತಿಂಗಳ ಮಧ್ಯಾಹ್ನ ಮುಟ್ಟಿದರೆ ಬೆಚ್ಚಗಿರುತ್ತದೆ. ಅದರೊಳಗಿನ ಬಟ್ಟೆಗಳು ತಡೆದಾವು, ಸೆಂಟು ತಡೆಯದು. ಸೀಸೆಯೊಡನೆ ಬಂದ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ, ಬೆಳಕನ್ನು ತಡೆಯುವ ಕೆಲಸ ಅದರದೇ. ಆದರೆ ಜುಲೈ ತಿಂಗಳ ತೇವದಲ್ಲಿ ಆ ರಟ್ಟಿಗೆ ಬೂಷ್ಟು ಹಿಡಿಯುವುದರಿಂದ, ಪೆಟ್ಟಿಗೆಗಳನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಯೊಂದರಲ್ಲಿ ಜೋಡಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವುದು ಲೇಸು. ಸೀರೆಗಳಿಗೆಂದು ಇಡುವ ನ್ಯಾಫ್ತಲೀನ್ ಗುಳಿಗೆಗಳು ಮಾತ್ರ ಆ ಅರೆಯಲ್ಲಿ ಇರಕೂಡದು. ಅತ್ತರಿನ ಸೀಸೆಯನ್ನು ದೇವರಮನೆಯಲ್ಲಿಡುವ ರೂಢಿ ಅನೇಕರಿಗಿದೆ. ಎಣ್ಣೆಯ ಅತ್ತರನ್ನು ದೀಪದಿಂದ ದೂರವಿಟ್ಟರೆ ಸಾಕು, ಆದರೆ ಮದ್ಯಸಾರದ ಸ್ಪ್ರೇ ಅಲ್ಲಿ ಬೇಡವೇ ಬೇಡ, ಏಕೆಂದರೆ ನಮ್ಮ ಮನೆಗಳ ಸಾಮಾನ್ಯ ಉಷ್ಣತೆಯಲ್ಲೇ ಅದರ ಆವಿ ಬೆಂಕಿ ಹತ್ತಿಕೊಳ್ಳಬಲ್ಲದು.

ಫ್ರಿಜ್‌ನಲ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ವರ್ಸೈಯಲ್ಲಿ 1990ರಲ್ಲಿ ಆರಂಭವಾದ ಓಸ್ಮೊತೆಕ್ ಎಂಬ ಸುಗಂಧ ಸಂಗ್ರಹಾಲಯದಲ್ಲಿ ಹಳೆಯ ಪರಿಮಳಗಳನ್ನು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ ಕಾಪಾಡುತ್ತಾರೆ. ತಂಪು ಒಳ್ಳೆಯದೇ, ಆದರೆ ಅಲ್ಲಿರುವುದು ಕದಲದ ತಂಪು. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆರೆಯುವ, ದೋಸೆ ಹಿಟ್ಟು, ಮೀನು ಸಾರುಗಳಿರುವ ನಮ್ಮ ಫ್ರಿಜ್‌ನಿಂದ ಸೀಸೆಯನ್ನು ಹೊರಗೆ ತೆಗೆದೊಡನೆ ಮಳೆಗಾಲದಲ್ಲಿ ಅದರ ಮೈ ಬೆವರುತ್ತದೆ. ನಾನಂತೂ ಇಡುವುದಿಲ್ಲ.

ಮೂರನೆಯ ಶತ್ರುವಾದ ಗಾಳಿ ಒಳನುಗ್ಗುವುದು ಸೀಸೆಯ ಬಾಯಿಯಿಂದ. ಮಾಟುಂಗಾದ ನಮ್ಮ ಮನೆಯಲ್ಲಿ ಅತ್ತೆಯವರ ಕಾಲದ ಗಾಜಿನ ಬಿರಡೆಯ ಅತ್ತರಿನ ಸೀಸೆಯೊಂದಿತ್ತು. ಎಣ್ಣೆಯ ಜಿಡ್ಡು ಒಣಗಿ ಬಿರಡೆ ಅಂಟಿಕೊಂಡಾಗ ನಾನು ಅವಸರದಲ್ಲಿ ಇಕ್ಕಳ ಹಿಡಿದೆ. ಸೀಸೆಯ ಕತ್ತು ಮುರಿಯಿತು, ಅತ್ತರು ಟೇಬಲ್ ಕ್ಲಾತಿನ ಪಾಲಾಯಿತು. ಅಂಥ ಸೀಸೆಯನ್ನು ಬಿಡಿಸುವ ಕ್ರಮ ಬೇರೆಯೇ ಇದೆ. ಬಿರಡೆ ಸೇರುವ ಸಂದಿಯ ಸುತ್ತ ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇರಿಸಿ. ಮರುದಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕತ್ತಿಗೆ ಮಾತ್ರ ಸುತ್ತಬೇಕು. ಆಗ ಬಿರಡೆಗಿಂತ ಮೊದಲು ಹೊರಗಿನ ಗಾಜು ಹಿಗ್ಗುತ್ತದೆ. ಬಳಿಕ ಮರದ ಚಮಚದ ಹಿಡಿಯಿಂದ ಬಿರಡೆಯನ್ನು ಎರಡೂ ಬದಿಯಿಂದ ಮೆಲ್ಲಗೆ ತಟ್ಟಿ, ಮೇಲಕ್ಕೆಳೆಯದೆ ತಿರುಗಿಸಬೇಕು. ಬಿಡದಿದ್ದರೆ ಇನ್ನೆರಡು ದಿನ ಎಣ್ಣೆ ಹಾಕಿ ಕಾಯಿರಿ. ಅತ್ತರು ಹಚ್ಚಿಕೊಂಡಾಗಲೆಲ್ಲ ಬಿರಡೆಯನ್ನೂ ಬಾಯಿಯನ್ನೂ ಒಣಬಟ್ಟೆಯಿಂದ ಒರೆಸಿಟ್ಟರೆ ಈ ಪಾಡೇ ಬರುವುದಿಲ್ಲ. ಹತ್ತಿಯ ಎಳೆಗಳು ಒಳಗೆ ಬೀಳುವುದರಿಂದ ಹತ್ತಿ ಬೇಡ. ಬಿರಡೆಯ ಕಡ್ಡಿಯನ್ನು ನೇರವಾಗಿ ಚರ್ಮಕ್ಕೆ ಉಜ್ಜಿ ಮತ್ತೆ ಸೀಸೆಗೆ ಅದ್ದಿದರೆ ಮೈಯ ಬೆವರೂ ಅತ್ತರಿಗೆ ಸೇರುತ್ತದೆ. ಒಂದು ಹನಿಯನ್ನು ಬೆರಳಿಗೆ ಬೀಳಿಸಿಕೊಂಡು ಹಚ್ಚಿಕೊಳ್ಳಿ.

ಸ್ಪ್ರೇ ಸೀಸೆಯ ಮೂತಿ ಕಟ್ಟಿಕೊಂಡರೆ ಸೂಜಿ ಚುಚ್ಚಬಾರದು, ತೂತು ದೊಡ್ಡದಾಗಿ ಮಂಜಿನ ಬದಲು ಧಾರೆ ಬರುತ್ತದೆ. ಎಳೆದರೆ ಬರುವಂಥ ಮೂತಿಯಾದರೆ ತೆಗೆದು, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒಂದು ಗಂಟೆ ನೆನೆಸಿಟ್ಟು ಮತ್ತೆ ಹಾಕಿ.

ಅರ್ಧ ಖಾಲಿಯಾದ ಸೀಸೆಯಲ್ಲಿ ಗಾಳಿ ಹೆಚ್ಚುವುದರಿಂದ ಉಳಿದ ಅತ್ತರನ್ನು ಚಿಕ್ಕ ಸೀಸೆಗೆ ಬದಲಾಯಿಸುವುದು ಉತ್ತಮ. ಮಹಮ್ಮದ್ ಅಲಿ ರಸ್ತೆಯ ಅತ್ತರಿನ ಅಂಗಡಿಗಳಲ್ಲಿ ತೊಲದ ಲೆಕ್ಕದಲ್ಲಿ 3, 6, 12 ಮಿಲಿಲೀಟರಿನ ಸೀಸೆಗಳನ್ನು ನೋಡಬಹುದು. ಇವೇ ಇದಕ್ಕೆ ಹೇಳಿಸಿದ ಅಳತೆ. ಕತ್ತಿನವರೆಗೆ ತುಂಬಿ, ಸೆಕೆಗೆ ಹಿಗ್ಗಲು ಒಂದಿಷ್ಟು ಜಾಗ ಬಿಡಿ. ರಬ್ಬರಿನ ಡ್ರಾಪರ್ ಇರುವ ಮುಚ್ಚಳವನ್ನು ಖಾಯಂ ಆಗಿ ಬಳಸಬೇಡಿ, ಎಣ್ಣೆಯ ಆವಿಗೆ ರಬ್ಬರು ಮೆತ್ತಗಾಗಿ ಅಂಟುತ್ತದೆ. ಹಳೆಯ ಸೀಸೆಯನ್ನೇ ಬಳಸುವುದಾದರೆ ಮೊದಲು ಸ್ಪಿರಿಟ್ಟಿನಿಂದ ಜಿಡ್ಡು ತೆಗೆದು, ಬೆಚ್ಚಗಿನ ಸಾಬೂನು ನೀರಿನೊಡನೆ ಹಿಡಿ ಅಕ್ಕಿ ಹಾಕಿ ಕುಲುಕಿ, ಚೆನ್ನಾಗಿ ತೊಳೆದು, ಕೊನೆಗೆ ಮತ್ತೊಮ್ಮೆ ಸ್ಪಿರಿಟ್ಟು ಆಡಿಸಿ ಬೋರಲು ಹಾಕಬೇಕು. ಹೊರಮೈಯಲ್ಲಿ ಬಂಗಾರದ ಬಣ್ಣದ ಚಿತ್ತಾರವಿದ್ದರೆ ಸ್ಪಿರಿಟ್ಟು ಅಲ್ಲಿಗೆ ತಾಗದಿರಲಿ, ಅದನ್ನೂ ಕರಗಿಸಿಬಿಡುತ್ತದೆ. ಬೇಸಿಗೆಯಲ್ಲಿ ಎರಡು ದಿನದಲ್ಲಿ ಒಣಗುವ ಸೀಸೆಗೆ ಮಳೆಗಾಲದಲ್ಲಿ ವಾರ ಬೇಕಾಗಬಹುದು. ಒಳಗೆ ಒಂದು ಹನಿ ನೀರು ಉಳಿದರೂ ಎಣ್ಣೆಯ ಅತ್ತರು ಮಸುಕಾಗುತ್ತದೆ.