‘ಎಷ್ಟಾಗೇತಿ?’ ಅಂತ ಕೇಳಬ್ಯಾಡ

ನನಗೆ ಶುಗರ್ ಬಂದು 11 ವರ್ಷ, ಇನ್ಸುಲಿನ್ ಶುರುವಾಗಿ 3. ಹೋದ ವರ್ಷ ಡಾಕ್ಟರ್ ಹೇಳಿದರೆಂದು ತೋಳಿನ ಹಿಂಭಾಗಕ್ಕೆ, ಶುಗರ್ ಅಳೆದು ಮೊಬೈಲಿಗೆ ಕಳಿಸುವ ಸೆನ್ಸರ್ ಹಚ್ಚಿಕೊಂಡೆ. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, 14 ದಿನ ಬರುತ್ತದೆ. ಬೆರಳು ಚುಚ್ಚುವ ಕಾಟ ತಪ್ಪಿತಲ್ಲ ಅಂತ ಖುಷಿಯೋ ಖುಷಿ.

ನಾಲ್ಕೇ ದಿನ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗೆಳೆಯರ ಜೊತೆ ಗಿರ್ಮಿಟ್ ತಿಂದೆ. ಚಿಗರಿ ಬಸ್ಸು ಉಣಕಲ್ ದಾಟುವಷ್ಟರಲ್ಲಿ ಮೊಬೈಲ್ ಕೂಗಿಕೊಂಡಿತು. 236, ಬಾಣ ಇನ್ನೂ ಮೇಲಕ್ಕೇ. ಪಕ್ಕದವರು ತಿರುಗಿ ನೋಡಿದರು. ಗಿರ್ಮಿಟ್ ತಿಂದಾಗ ಮೊದಲೂ ಶುಗರ್ ಏರುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಅಷ್ಟರಲ್ಲಿ ಹೆಂಡತಿಯ ಫೋನ್. ಅವಳ ಮೊಬೈಲಿಗೂ ನಂಬರ್ ಹೋಗುವ ಹಾಗೆ ಮಗಳು ಮಾಡಿಟ್ಟಿದ್ದಳು. "ರೀ, ಎಷ್ಟಾಗೇತಿ ನೋಡೀರೇನು? ಏನ್ ತಿಂದ್ರಿ?" ಕದ್ದು ಸಿಕ್ಕಿಬಿದ್ದ ಹುಡುಗನ ಹಾಗಾಯಿತು.

ಒಂದು ರಾತ್ರಿ 2 ಗಂಟೆಗೆ ಅಲಾರಾಂ, 58. ನಡುಕವಿಲ್ಲ, ಬೆವರಿಲ್ಲ. ಆದರೂ ಗಾಬರಿಯಲ್ಲಿ ಸಕ್ಕರೆ ನೀರು ಕುಡಿದು, ಮೇಲೆ ಎರಡು ಪೇಡೆ ತಿಂದೆ. ಬೆಳಗ್ಗೆ 270. ಆ ತೋಳಿನ ಮೇಲೇ ಒತ್ತಿ ಮಲಗಿದರೆ ಸೆನ್ಸರ್ ಸುಮ್ನೆ ಕಡಿಮೆ ತೋರಿಸುತ್ತದಂತೆ, ಡಾಕ್ಟರ್ ಆಮೇಲೆ ಹೇಳಿದರು. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರಿನಂಶವನ್ನು. ಹಾಗಾಗಿ ಕೆಲವು ನಿಮಿಷ ಹಿಂದೆಯೂ ಇರುತ್ತದೆ. ಈಗ ದಿಂಬಿನ ಪಕ್ಕ ಹಳೇ ಗ್ಲುಕೋಮೀಟರ್ ಇದೆ. ಅನುಮಾನ ಬಂದರೆ ಬೆರಳು ಚುಚ್ಚುತ್ತೇನೆ. ನಡುಕ, ಬೆವರು ಇದ್ದರೆ ಮಾತ್ರ ಮೊದಲು ಸಕ್ಕರೆ, ಉಳಿದದ್ದು ಆಮೇಲೆ.

ಡಾಕ್ಟರನ್ನು ಕೇಳಿಯೇ ಜಾಸ್ತಿಯಾದಾಗಿನ ಅಲಾರಾಂ ತೆಗೆಸಿದೆ. 70ಕ್ಕಿಂತ ಇಳಿದರೆ ಹೊಡೆಯುವುದು ಮಾತ್ರ ಇದೆ. ಊಟಕ್ಕೆ ಮುಂಚೆ, ಎರಡು ತಾಸಿನ ನಂತರ, ಮಲಗುವಾಗ ನೋಡುತ್ತೇನೆ. ದಿನದಲ್ಲಿ ಶೇ. 70ರಷ್ಟು ಹೊತ್ತು 70ರಿಂದ 180ರೊಳಗೆ ಇದ್ದರೆ ಸಾಕು ಅಂದಿದ್ದಾರೆ. ನನ್ನದು ಶೇ. 61ಕ್ಕೆ ಬಂದಿದೆ.

ಹೆಂಡತಿಗೆ ಹೇಳುವುದೇ ಕಷ್ಟವಾಯಿತು. "70ರ ಕೆಳಗ ಹೋದ್ರ ಫೋನ್ ಮಾಡು, ಇಲ್ಲಂದ್ರ ಎಷ್ಟಾಗೇತಿ ಅಂತ ಕೇಳಬ್ಯಾಡ" ಅಂದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಅವತ್ತು ಬಚ್ಚಲದಾಗ ಬಿದ್ದಿದ್ರಲ್ಲ, ನಾ ಬಾಗಿಲಾ ಬಡಿಯಾಕತ್ತಿದ್ನಿ. ನಿಮಗ ಅದು ನೆನಪಿಲ್ಲ." ನಿಜವಾಗಿಯೂ ನನಗೆ ನೆನಪಿರಲಿಲ್ಲ. ಅವಳು ಕೇಳುತ್ತಿದ್ದದ್ದು ಗಿರ್ಮಿಟ್ಟಿನ ಲೆಕ್ಕ ಅಲ್ಲ ಅಂತ ಅವತ್ತು ತಿಳಿಯಿತು.

ಒಂದೊಂದು ಸೆನ್ಸರಿಗೂ ಸಾವಿರಗಟ್ಟಲೆ ದುಡ್ಡು. ಅದಕ್ಕೇ ಎರಡು ತಿಂಗಳಿಗೊಂದು ಹಚ್ಚುತ್ತೇನೆ. ಅದಿಲ್ಲದ ದಿನ ಬಚ್ಚಲಿಗೆ ಹೋದರೆ ಚಿಲಕ ಹಾಕುವುದಿಲ್ಲ.