ಬೆಣೆಯಾಕಾರದ ಮೆಶ್‌ಗೆ ಆವರ್ತಕ ಗಡಿ ನಿಬಂಧನೆ: ಓಪನ್‌ಫೋಮ್‌ನಲ್ಲಿ ಜೋಡಿಸುವ ಕ್ರಮ

ಓಪನ್‌ಫೋಮ್ ಎಂಬುದು ಹರಿವನ್ನು ಲೆಕ್ಕಹಾಕುವ ತಂತ್ರಾಂಶ. ಆರು ಅಲಗುಗಳ ಇಂಪೆಲರ್‌ನಲ್ಲಿ (ದ್ರವವನ್ನು ತಳ್ಳುವ ತಿರುಗುಚಕ್ರದಲ್ಲಿ) ಹರಿವು ಪ್ರತಿ 60 ಡಿಗ್ರಿಗೊಮ್ಮೆ ಮರುಕಳಿಸುವುದಾದರೆ ಇಡೀ ವೃತ್ತಕ್ಕೆ ಮೆಶ್, ಅಂದರೆ ಜಾಗವನ್ನು ಸಣ್ಣ ಕೋಶಗಳಾಗಿ ಒಡೆದ ಜಾಲ, ಕಟ್ಟಬೇಕಾಗಿಲ್ಲ. ಒಂದು ಅಲಗನ್ನು ಒಳಗೊಂಡ ಬೆಣೆಯಾಕಾರದ ತುಂಡನ್ನು ತೆಗೆದುಕೊಂಡು, ಅದರ ಎರಡು ಬದಿಗಳನ್ನು ಆವರ್ತಕ ಗಡಿಗಳಾಗಿ, ಅಂದರೆ ಒಂದರಿಂದ ಹೊರಟ ಹರಿವು ಇನ್ನೊಂದರಿಂದ ಒಳಬರುವಂತೆ, ಬೆಸೆದರೆ ಸಾಕು. ಆದರೆ ಆಕೃತಿ ಮರುಕಳಿಸಿದ ಮಾತ್ರಕ್ಕೆ ಹರಿವೂ ಮರುಕಳಿಸುತ್ತದೆ ಎನ್ನಲಾಗದು. ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಅದು ಅಕ್ಷದ ಗುಂಟವೇ ಇರಬೇಕು, ಒಳಹರಿವೂ ಅಕ್ಷದ ಸುತ್ತ ಅದೇ ರೀತಿ ಮರುಕಳಿಸಬೇಕು.

ಹೆಸರು ನೋಡಿ ‘ವೆಡ್ಜ್’ (ಬೆಣೆ) ಎಂಬ ಪ್ಯಾಚ್ (ಮೆಶ್‌ನ ಗಡಿಯ ಭಾಗ) ಬಗೆಯನ್ನು ಆರಿಸಿಕೊಳ್ಳಬಾರದು. ಅದು ಅಕ್ಷಸಮ್ಮಿತ ಲೆಕ್ಕಗಳಿಗೆ, ಅಂದರೆ ಕೋನದ ದಿಕ್ಕಿನಲ್ಲಿ ಒಂದೇ ಕೋಶದಷ್ಟು ದಪ್ಪವಿರುವ, ಸುಮಾರು 5 ಡಿಗ್ರಿ ಅಥವಾ ಅದಕ್ಕೂ ಕಿರಿದಾದ ತೆಳು ಮೆಶ್‌ಗೆ ಮೀಸಲು. ಅಲಗುಗಳ ನಡುವಿನ ಮೂರು ಆಯಾಮದ ಹರಿವಿಗೆ ಬೇಕಾದದ್ದು ‘ಸೈಕ್ಲಿಕ್’ (ಆವರ್ತಕ).

ಬೌಂಡರಿ ಫೈಲಿನಲ್ಲಿ ಎರಡೂ ಬದಿಗಳಿಗೆ ಸೈಕ್ಲಿಕ್ ಬಗೆ ಕೊಟ್ಟು, ‘ನೈಬರ್‌ಪ್ಯಾಚ್’ ಸಾಲಿನಲ್ಲಿ ಒಂದಕ್ಕೆ ಇನ್ನೊಂದರ ಹೆಸರನ್ನು ಬರೆಯಿರಿ. ‘ಟ್ರಾನ್ಸ್‌ಫಾರ್ಮ್’ ಎಂಬುದಕ್ಕೆ ‘ರೊಟೇಷನಲ್’ ಎಂದು ಕೊಟ್ಟು, ಪರಿಭ್ರಮಣದ ಅಕ್ಷ ಮತ್ತು ಕೇಂದ್ರಗಳನ್ನು ನಮೂದಿಸಿ. ಇದು ಬರೀ ಔಪಚಾರಿಕ ನಮೂದಲ್ಲ: ಒಂದು ಬದಿಯಿಂದ (1, 0, 0) ವೇಗದಲ್ಲಿ ಹೊರಟ ಹರಿವು, ಝಡ್ ಅಕ್ಷದ ಸುತ್ತ 60 ಡಿಗ್ರಿ ತಿರುಗಿರುವ ಇನ್ನೊಂದು ಬದಿಯಲ್ಲಿ (0.5, 0.866, 0) ಆಗಿ ಒಳಬರಬೇಕು, ಒತ್ತಡದಂಥ ಅದಿಶ ರಾಶಿ ಮಾತ್ರ ಇದ್ದಂತೆಯೇ ದಾಟುತ್ತದೆ. ಸೊನ್ನೆ ಸಮಯದ ಫೋಲ್ಡರಿನ ಪ್ರತಿಯೊಂದು ಫೈಲಿನಲ್ಲೂ ಈ ಎರಡು ಪ್ಯಾಚ್‌ಗಳಿಗೆ ಸೈಕ್ಲಿಕ್ ಎಂದೇ ಇರಬೇಕು.

ಹೆಚ್ಚಿನ ತೊಂದರೆ ಬರುವುದು ಮೆಶ್‌ನಲ್ಲೇ. ಎರಡೂ ಬದಿಗಳಲ್ಲಿನ ಕೋಶಗಳ ಮುಖಗಳು ಸಂಖ್ಯೆ, ಆಕಾರ, ಅನುಕ್ರಮ ಮೂರರಲ್ಲೂ ಒಂದಕ್ಕೊಂದು ಹೊಂದಬೇಕು. ಆದ್ದರಿಂದ ಮೊದಲು ಒಂದು ಬದಿಯ ಮೇಲ್ಮೈ ಮೆಶ್ ಮಾಡಿ, ಅದನ್ನೇ ತಿರುಗಿಸಿ ಇನ್ನೊಂದು ಬದಿಗೆ ನಕಲಿಸಿ, ಆಮೇಲೆ ಒಳಗನ್ನು ತುಂಬಿಸುವುದು ಸರಿಯಾದ ಕ್ರಮ. ಮೆಶ್ ತಯಾರಿಸುವ ತಂತ್ರಾಂಶವಾದ ಜಿಮೆಶ್‌ನಲ್ಲಿ ಇದಕ್ಕೆ ‘ಪೀರಿಯಾಡಿಕ್ ಸರ್ಫೇಸ್’ ಆಜ್ಞೆಯಿದೆ, ಅಲ್ಲಿ ಕೋನವನ್ನು ರೇಡಿಯನ್‌ನಲ್ಲಿ ಕೊಡಬೇಕೆಂಬುದು ನೆನಪಿರಲಿ. ಬೇರೆಡೆಯಿಂದ ತಂದ ಮೆಶ್‌ನಲ್ಲಿ ಮುಖಗಳ ಅನುಕ್ರಮವನ್ನು ಸರಿಪಡಿಸಲು ಓಪನ್‌ಫೋಮ್‌ನ ‘ಕ್ರಿಯೇಟ್‌ಪ್ಯಾಚ್’ ಆಜ್ಞೆ ಬಳಸಿ.

ಇಷ್ಟಾದರೂ ಮೆಶ್ ಪರೀಕ್ಷಿಸುವ ‘ಚೆಕ್‌ಮೆಶ್’ ಆಜ್ಞೆಯು ಮುಖಗಳು ಹೊಂದುತ್ತಿಲ್ಲವೆಂದು ದೂರಿದರೆ ದಶಾಂಶಗಳನ್ನು ನೋಡಿ. 0.05 ಮೀಟರ್ ತ್ರಿಜ್ಯದಲ್ಲಿ 0.0433012702 ಇರಬೇಕಾದ ನಿರ್ದೇಶಾಂಕ 0.0433013 ಎಂದು ಮೊಟಕಾದರೆ ವ್ಯತ್ಯಾಸ ಮೀಟರಿನ ಸುಮಾರು ಮೂರು ಕೋಟಿಯಲ್ಲೊಂದು ಭಾಗದಷ್ಟು, ನಗಣ್ಯವೆನಿಸುವಷ್ಟೇ. ಆದರೆ ಗೋಡೆಯ ಪಕ್ಕದ ಕೋಶ 10 ಮೈಕ್ರೋಮೀಟರ್ ದಪ್ಪವಿದ್ದಾಗ ಅದೇ ಶೇಕಡ 0.3ರಷ್ಟು ತಪ್ಪಾಗಿ, 0.0001ರ (ಶೇಕಡ 0.01ರ) ರೂಢಿಯ ‘ಮ್ಯಾಚ್‌ಟಾಲರೆನ್ಸ್’ ಮಿತಿಯನ್ನು, ಅಂದರೆ ಹೊಂದಿಕೆಯಲ್ಲಿ ಸಹಿಸುವ ವ್ಯತ್ಯಾಸವನ್ನು, ಮೀರುತ್ತದೆ. ಈ ಮಿತಿಯನ್ನು ಸಡಿಲಿಸಿ ಮುಂದೆ ಹೋಗುವುದು ಸುಲಭ, ಆದರೆ ನಿಜವಾಗಿಯೂ ತಪ್ಪಾಗಿ ಜೋಡಿಯಾದ ಮುಖಗಳೂ ಆಗ ಸದ್ದಿಲ್ಲದೆ ದಾಟಿಬಿಡುತ್ತವೆ. ಮೆಶ್ಅನ್ನು ಹನ್ನೆರಡು ಅಂಕಿಗಳ ನಿಖರತೆಯಲ್ಲಿ ಅಥವಾ ಬೈನರಿ ರೂಪದಲ್ಲಿ ಮತ್ತೆ ಬರೆಸುವುದೇ ಲೇಸು. ಎರಡು ಬದಿಗಳಿಗೆ ಒಂದೇ ಬಗೆಯ ಮೆಶ್ ಕೊಡುವುದು ಸಾಧ್ಯವೇ ಇಲ್ಲದಿದ್ದಾಗ ಮಾತ್ರ ‘ಸೈಕ್ಲಿಕ್‌ಎಎಮ್‌ಐ’ಗೆ ಹೋಗಿ, ಅದು ಮುಖಗಳ ನಡುವೆ ಮೌಲ್ಯಗಳನ್ನು ಹಂಚಿ ಲೆಕ್ಕ ಹಾಕುವುದರಿಂದ ಸ್ವಲ್ಪ ನಿಖರತೆ ಕಳೆಯುತ್ತದೆ.

ಫಲಿತಾಂಶ ಬಂದ ಮೇಲೆ ಅದನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ತುಂಡಿನ ಒಂದು ನಕಲನ್ನು 60 ಡಿಗ್ರಿ ತಿರುಗಿಸಿ ಪಕ್ಕದಲ್ಲಿಟ್ಟು, ಸಮಮೌಲ್ಯ ರೇಖೆಗಳು ಮುರಿಯದೆ ಮುಂದುವರಿಯುತ್ತವೆಯೇ ಎಂದು ಪರೀಕ್ಷಿಸಿ. ದ್ರವ್ಯರಾಶಿ ಹರಿವು, ಟಾರ್ಕ್‌ಗಳನ್ನು ವರದಿ ಮಾಡುವಾಗ ಆರರಿಂದ ಗುಣಿಸಬೇಕು. ಒತ್ತಡದ ಏರಿಕೆಯನ್ನು ಗುಣಿಸಬಾರದು.